ಹದಿನೈದು ನಿಮಿಷ ಬಲಕ್ಕೆ ಸರಿದ ಸೈನ್

ಮನುಷ್ಯ ಕಲಿತದ್ದನ್ನು ಮರೆಯುವುದು ತಪ್ಪಲ್ಲ. ಮರೆತದ್ದನ್ನು ಮಗಳಿಗೆ ಕಲಿಸಲು ಕೂರುವುದು ತಪ್ಪು. ಗಣಿತದಲ್ಲಿ ಬಿ.ಎಸ್ಸಿ. ಮಾಡಿ ಸಾಂಗಲಿಯಲ್ಲಿ ಅರಿಶಿನ ವ್ಯಾಪಾರ ಮಾಡಿಕೊಂಡಿರುವ ನಾನು ಸುಮ್ಮನಿರಬೇಕಿತ್ತು. ಆದರೆ ಹನ್ನೊಂದನೆಯ ತರಗತಿಯ ನನ್ನ ಮಗಳು ಗೌರಿ ಗಣಿತದಲ್ಲಿ ಒಮ್ಮೆ ನಪಾಸಾಗಿದ್ದಳು. ಮರುಪರೀಕ್ಷೆಯಲ್ಲೂ ಹೋದರೆ ಗಣಿತವನ್ನೇ ಬಿಡಬೇಕು. ಅವಳಿಗೋ ಅದನ್ನು ಬಿಡುವ ಮನಸ್ಸಿಲ್ಲ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಅವಳೆದುರು ಕುಳಿತೆ.

ಸೈನ್ ಅಲೆ ಮೊದಮೊದಲು ಸಭ್ಯಸ್ಥನಂತೆಯೇ ನಡೆದುಕೊಂಡಿತು. ಎರಡರಿಂದ ಗುಣಿಸಿದರೆ ಎತ್ತರ ಇಮ್ಮಡಿಯಾಯಿತು, ಒಂದು ಕೂಡಿಸಿದರೆ ಮೇಲೇರಿತು. ಆಮೇಲೆ ಕಂಸದೊಳಗೆ x ನಿಂದ ಏನನ್ನೋ ಕಳೆಯುವ ಲೆಕ್ಕ ಬಂತು. ಕಳೆದರೆ ಹಿಂದಕ್ಕೆ, ಅಂದರೆ ಎಡಕ್ಕೆ ಎಂದು ಧೈರ್ಯವಾಗಿ ಹೇಳಿದೆ. ಪುಸ್ತಕದಲ್ಲಿ ಅಲೆ ಬಲಕ್ಕೆ ಹೋಗಿತ್ತು. ಅಚ್ಚಿನ ತಪ್ಪಿರಬೇಕು ಎಂದೆ. "ಪಪ್ಪಾ, ನಕೋ, ಬ್ಯಾಡ. ನೀವು ಹೇಳಿದಂಗೆಲ್ಲಾ ನಂಗ ಮೊದಲ ಬರ್ತಿದ್ದದ್ದೂ ಹೊಂಟೈತಿ" ಎಂದು ಗೌರಿ ಕಣ್ಣು ತುಂಬಿಕೊಂಡಳು. ನನಗೆ ನಿಜವಾಗಿಯೂ ಸಂಕಟವಾಯಿತು. ತಲೆ ಎತ್ತಿದರೆ ಗೋಡೆಯ ಗಡಿಯಾರ ಕಂಡಿತು.

ಈ ಗಡಿಯಾರದ ವಿಷಯ ಹೇಳಬೇಕು. ಬೆಳಗಿನ ಅರಿಶಿನ ಹರಾಜಿಗೆ ತಡವಾಗಬಾರದೆಂದು ನಮ್ಮ ಅಪ್ಪ ಅದನ್ನು ಹದಿನೈದು ನಿಮಿಷ ಮುಂದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಸೆಲ್ ಬದಲಿಸಿದಾಗಲೆಲ್ಲ ಅವ್ವ ಹಾಗೆಯೇ ಇಡುತ್ತಾಳೆ. ನಾವು ಹದಿನೈದು ಕಳೆದೇ ನೋಡುತ್ತೇವೆ, ಮೊದಲಿನಷ್ಟೇ ತಡವಾಗಿ ಹೊರಡುತ್ತೇವೆ.

"ಇಲ್ನೋಡ ಬಾಳಾ," ಎಂದು ಮಗಳಿಗೆ ಗಡಿಯಾರ ತೋರಿಸಿದೆ. "ನಮ್ಮ ಗಡಿಯಾರದಾಗ ಕಾಣೂದು x. ಖರೇ ವೇಳೆ ಬೇಕಂದ್ರ ಹದಿನೈದು ಕಳೀತೀವಿ. ಎಂಟಕ್ಕ ಬರೂ ಮಿರಜ ಬಸ್ಸು ಇದರಾಗ ಎಷ್ಟಕ್ಕ ಬರತೈತಿ?"

"ಎಂಟೂಕಾಲಿಗೆ," ಎಂದಳು. ಪುಸ್ತಕದ ಅಲೆಯತ್ತ ನೋಡಿ, "ಅಂದ್ರ ಬಸ್ಸು ಬಲಕ್ಕ ಸರೀತು. ಪಪ್ಪಾ, ಸಮಜಲಂ," ಎಂದಳು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನನಗೂ ತಿಳಿಯಿತು. ಅದನ್ನು ಅವಳಿಗೆ ಹೇಳಲಿಲ್ಲ.

ಮರುದಿನ ಗಡಿಯಾರ ನೋಡಿ, ಕಳೆದು, ನೆಮ್ಮದಿಯಿಂದ ಇನ್ನೊಂದು ಕಪ್ ಚಹಾ ಕುಡಿದು ಸ್ಕೂಟರಿನಲ್ಲಿ ಹೊರಟೆವು. ಗೌರಿಯ ಮೊಬೈಲ್ ಪರೀಕ್ಷೆ ಮುಗಿಯುವ ತನಕ ಅವ್ವನ ಟ್ರಂಕಿನಲ್ಲಿತ್ತು. ನನ್ನದು ಜೇಬಿನಲ್ಲೇ ಇತ್ತು, ಆದರೆ ಅಂಥ ಪಾಠ ಮಾಡಿದವನು ಮೊಬೈಲ್ ತೆಗೆದು ನೋಡುತ್ತಾನೆಯೇ? ಮಿರಜದ ಪರೀಕ್ಷಾ ಕೇಂದ್ರದ ಅಂಗಳ ಖಾಲಿಯಾಗಿತ್ತು. "ನಾವ ಮೊದಲು ಬಂದೇವಿ" ಎಂದೆ. ಗೇಟಿನವನು ನಮ್ಮನ್ನು ನೋಡಿ "ಪೇಪರ್ ಸುರು ಝಾಲಾ" ಎಂದ. ಪರೀಕ್ಷೆ ಆಗಲೇ ಶುರುವಾಗಿತ್ತು. ಗೌರಿ ನನ್ನ ಮುಖವನ್ನೂ ನೋಡದೆ ಓಡಿದಳು.

ಮನೆಗೆ ಬಂದು ನೋಡಿದರೆ ಗಡಿಯಾರವೂ ಮೊಬೈಲೂ ಒಂದೇ ವೇಳೆ ತೋರಿಸುತ್ತಿದ್ದವು. ಅವ್ವನನ್ನು ಕೇಳಿದೆ. "ನಿನ್ನೆ ನಿಮ್ಮ ಪಾಠ ಕೇಳೇ ನಂಗ ಗೊತ್ತಾತು, ನೀವೆಲ್ಲಾ ಕಳದ ನೋಡ್ತೀರಂತ," ಎಂದಳು. "ಇಷ್ಟು ವರ್ಷ ನಾ ಮುಂದ ಇಟ್ಟದ್ದೆಲ್ಲಾ ದಂಡ ಆತು. ಸಂಜಿಮುಂದ ಬರೊಬ್ಬರಿ ಮಾಡಿಟ್ಟೆ."

ಪರೀಕ್ಷೆ ಮುಗಿಸಿ ಬಂದ ಗೌರಿ ಅಳಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ಕಡೀ ಪ್ರಶ್ನಾ ನಮ್ಮ ಗಡಿಯಾರದ್ದ ಇತ್ತು ಪಪ್ಪಾ. ಬರ್ತಿತ್ತು. ವೇಳೆ ಸಾಲಲಿಲ್ಲ," ಎಂದಳು.

ಫಲಿತಾಂಶ ಇನ್ನೂ ಬಂದಿಲ್ಲ. ಗಡಿಯಾರವಂತೂ ಸರಿಯಾಗಿದೆ. ನಾನು ಮಾತ್ರ ಕಳೆಯುವುದನ್ನು ಬಿಟ್ಟಿಲ್ಲ. ಇವತ್ತೂ ಹರಾಜು ಮುಗಿದ ಮೇಲೆ ಹೋಗಿ ನಿಂತಿದ್ದೆ.