ಕಂಬಳಿ ಸಾಹುಕಾರರ ಮೂಗು

ಎಲ್ಲ ಆಗಿದ್ದು ಒಂದು ಹಿಡಿ ಸೀಗೆಪುಡಿಯಿಂದ.

ಹೊಸದುರ್ಗದ ಕಂಬಳಿ ಸಾಹುಕಾರ್ ಯತ್ತಪ್ಪನವರೆಂದರೆ ಸಾಮಾನ್ಯರೇ? ಬ್ರಿಟಿಷರ ಕಾಲದಲ್ಲಿ ಅವರು ಸೈನ್ಯಕ್ಕೆ ಮಾರಿದ ಕಂಬಳಿಗಳನ್ನು ಸಾಲಾಗಿ ಹಾಸಿದ್ದರೆ ಕಾಲಿಗೆ ಧೂಳಾಗದಂತೆ ಲಂಡನ್ನಿಗೆ ನಡೆದುಹೋಗಬಹುದಿತ್ತು. ನಡುವೆ ಸಮುದ್ರವಿದೆ ಎನ್ನುವವರು ಆ ಕಂಬಳಿಯ ನೇಯ್ಗೆ ಕಂಡವರಲ್ಲ! ಗಳಿಸಿದ್ದನ್ನೆಲ್ಲ ಸುರಿದು ದಾರಿಹೋಕರಿಗೆ ಅನ್ನಛತ್ರ ಕಟ್ಟಿಸಿದರು. ಪಂಕ್ತಿಯಲ್ಲಿ ಕುಳಿತ ಸ್ವಂತ ಸೋದರಳಿಯನನ್ನೇ ರಟ್ಟೆ ಹಿಡಿದು ಎಬ್ಬಿಸಿದ ಧರ್ಮಾತ್ಮ. ಪ್ರತಿವರ್ಷ ಪುಣ್ಯತಿಥಿಯಂದು ಅವರ ಪಟಕ್ಕೆ ಹಾರ ಹಾಕಿ, ಅವರು ಬರೆಸಿದ ಛತ್ರದ ಪತ್ರವನ್ನು ಗಟ್ಟಿಯಾಗಿ ಓದಿದ ಮೇಲೆಯೇ ಎಲೆ ಹಾಕುವುದು. ಓದುವ ಹೊತ್ತಿಗೆ ಛತ್ರ ನೋಡಿಕೊಳ್ಳುವ ದುರುಗಣ್ಣ ಮಾತ್ರ ಅಡುಗೆಮನೆಯಲ್ಲಿ ಪಾಯಸದ ರುಚಿ ನೋಡುತ್ತಿರುತ್ತಿದ್ದ.

೧೯೭೪ರ ಪುಣ್ಯತಿಥಿಯ ಬೆಳಿಗ್ಗೆ, ಮೂವತ್ತು ವರ್ಷ ಒಲೆಹೊಗೆ ಕುಡಿದು ಕಪ್ಪಾಗಿದ್ದ ಆ ಪಟವನ್ನು ದುರುಗಣ್ಣ ಸೀಗೆಪುಡಿ ಹಾಕಿ ತಿಕ್ಕಿದ. ಹೊಗೆ ಹೋಯಿತು. ಹಿಂದೆಯೇ ಸಾಹುಕಾರರ ಮುಖವೂ ಹೋಯಿತು. ರುಮಾಲು ಮಾತ್ರ ಉಳಿಯಿತು.

"ಅಯ್ಯೋ ಲೇ, ದೊರೆ ಮಕಾನೇ ಬಚ್ಚಲಿಗೆ ಬಿಟ್ಯಲ್ಲೋ!" ಎಂದಳು ಅಡುಗೆಯ ಕಾಳಕ್ಕ. "ಛತ್ರದ ಅಧ್ಯಕ್ಷರು ಜುಂಜಯ್ಯನೋರು ಕಂಡ್ರೆ ಇವತ್ತೇ ನಿನ್ ಕೆಲ್ಸ ಹೋತು."

"ಮಕ ಹೆಂಗಿತ್ತಕ್ಕ?"

"ಹೊಗೆ ಹಂಗಿತ್ತು. ನಾ ಬಂದಾಗ್ಲಿಂದ ನೋಡಿದ್ದು ಅದ್ನೇ."

ದುರುಗಣ್ಣ ಓಡಿದ ರಭಸಕ್ಕೆ ಬೀದಿಯ ಕೋಳಿಗಳು ಆ ವಾರವೆಲ್ಲ ಮೊಟ್ಟೆ ಇಡಲಿಲ್ಲ. ಲಾರಿಗಳ ಮೇಲೆ ಹುಲಿ ಬರೆಯುವ ಚಿತ್ತಯ್ಯನನ್ನು ಎಳೆದು ತಂದ.

"ನೋಡ್ದಿರೋ ಮಕ ಹೆಂಗ್ ಬರೀಲಿ? ಹುಲಿದಾದ್ರೆ ಬಾಯಿಪಾಠ ಐತೆ," ಎಂದ ಚಿತ್ತಯ್ಯ. "ನೀನೇ ಕುಂತ್ಕ."

ದುರುಗಣ್ಣ ಕಲ್ಲಿನಂತೆ ಕುಳಿತ. ಮಧ್ಯಾಹ್ನದ ಹೊತ್ತಿಗೆ ರುಮಾಲಿನ ಕೆಳಗೆ ಅವನದೇ ಗುಂಡು ಬದನೆಕಾಯಿ ಮೂಗು ಮೂಡಿತು.

ಜುಂಜಯ್ಯನವರು ಬಂದರು, ನೋಡಿದರು, ಗಳಗಳ ಅತ್ತರು. "ನಾ ಚಿಕ್ಕೋನಿದ್ದಾಗ ಸಾಹುಕಾರ್ರನ್ನ ಕಂಡಿದ್ದೆ. ಇದೇ ಮೂಗು!" ಅವರ ಕಣ್ಣು ಪಟದಿಂದ ದುರುಗಣ್ಣನತ್ತ ಹೊರಳಿ ಅಲ್ಲೇ ನಿಂತಿತು. "ಏನಪ್ಪ, ನಿಮ್ ತಾತ ಯಾವೂರೋರು?"

"ಮಾಡದಕೆರೆ..."

"ಸಾಹುಕಾರ್ರೂ ಅಲ್ಲಿಯೋರೇ! ಲೇ, ಇವ್ನು ಅವರ ರಕ್ತ ಕಣ್ರೋ!"

ಅಲ್ಲವೆನ್ನಲು ದುರುಗಣ್ಣ ಬಾಯಿ ತೆರೆದ. ಸೀಗೆಪುಡಿ ನೆನಪಾಯಿತು. ಮುಚ್ಚಿದ.

"ಹೌದೇನೋ?" ಎಂದರು ಜುಂಜಯ್ಯ.

"ಹೌದ್ರಿ," ಎಂದ, ಸಂಬಳವೂ ಏರೀತೆಂದು.

ಪಟಕ್ಕೊಂದು, ಅವನಿಗೊಂದು ಹಾರ ಬಿತ್ತು. ಜನ್ಮದಲ್ಲಿ ಮೊದಲ ಸಲ ಮುಂದಿನ ಸಾಲಿನಲ್ಲಿ ಕುಳಿತು ಛತ್ರದ ಪತ್ರ ಕೇಳಿದ. ಜುಂಜಯ್ಯ ಓದಿದರು: "ನನ್ನ ರಕ್ತಸಂಬಂಧಿಗಳು ಯಾರೂ ಈ ಛತ್ರದಲ್ಲಿ ನೌಕರಿಗಿರಕೂಡದು, ಒಂದು ತುತ್ತೂ ಉಣಕೂಡದು."

ಓದು ನಿಂತಿತು. ಜುಂಜಯ್ಯ ಎದ್ದು ಬಂದು ದುರುಗಣ್ಣನ ಕಾಲು ಮುಟ್ಟಿ ನಮಸ್ಕರಿಸಿದರು.

"ದೊರೆಗಳೇ, ಬೀಗದಕೈ ಕೊಡ್ರಿ."

ಆಮೇಲೆ ಊರೇ ಅವನನ್ನು ಹೆಗಲ ಮೇಲೆ ಹೊತ್ತು, ಜೈಕಾರ ಹಾಕಿ, ಗೇಟಿನ ಆಚೆ ಮೆಲ್ಲಗೆ ಇಳಿಸಿ, ಪಾಯಸ ಆರುತ್ತದೆಂದು ಒಳಗೆ ಓಡಿತು.