ಎಲ್ಲರೂ ನೆಂಟರೇ ಇದ್ದ ಮನೆ

ಕಾವಲಿಗೆ ಮೊದಲ ನೀರುದೋಸೆ ಎರೆದು ರತ್ನಾವತಿ ಮುಚ್ಚಳ ಮುಚ್ಚುವಷ್ಟರಲ್ಲಿ ಅಂಗಳದಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಗುಣಪಾಲ ಮಾಷ್ಟ್ರು, ಕಂಕುಳಲ್ಲಿ ಜನಗಣತಿಯ ಕಟ್ಟು.

ಎಂಬತ್ತೊಂದರ ಗಣತಿಯಲ್ಲಿ ಉರ್ವದ ನೂರಿಪ್ಪತ್ತು ಮನೆ ಮಾಷ್ಟ್ರ ಪಾಲಿಗೆ ಬಂದಿತ್ತು. ಇದೊಂದೇ ಬಾಕಿ. ಸಂಜೆ ಐದಕ್ಕೆ ಹಾಳೆಗಳು ಹಂಪನಕಟ್ಟೆಯ ಕಚೇರಿಗೆ ಮುಟ್ಟಬೇಕು. ಒಂದು ತಲೆ ತಪ್ಪಿದರೂ, ಒಂದು ಅಕ್ಷರ ತಿದ್ದಿದರೂ ಇಡೀ ಕಟ್ಟನ್ನೇ ಹೊಸದಾಗಿ ಬರೆಯಬೇಕೆಂದು ಮೇಲಿನವರ ಆಜ್ಞೆ.

"ಮನೆಯಲ್ಲಿ ಎಷ್ಟು ಜನ ಉಂಟು ರತ್ನಾವತಿಯಕ್ಕ?"

"ಯಾರೂ ಇಲ್ಲ ಮಾಷ್ಟ್ರೆ."

ಮಾಷ್ಟ್ರು ಕನ್ನಡಕ ಒರೆಸಿಕೊಂಡರು. ಎದುರಿಗೆ ನಾಲ್ಕು ಜನ ಇದ್ದರು.

"ನಮ್ಮ ಮನೆ ಕಿನ್ನಿಗೋಳಿಯಲ್ಲಲ್ವಾ, ನನ್ನ ತಾಯಿ ಮನೆ. ನಾನೂ ಮಗಳು ಆಶಾಲತಾಳೂ ಅಲ್ಲಿಯವರು. ಅಣ್ಣ ಬರೆಸಿರ್ತಾನೆ."

ಗಂಡ ಮೋಹನದಾಸ ಪೇಪರು ಮಡಚಿದ. "ನಾನೂ ನನ್ನ ಅಮ್ಮನೂ ಮೂಡುಬಿದಿರೆಯವರು. ಇಲ್ಲಿ ಸುಮ್ಮನೆ ಇದ್ದೇವೆ ಅಷ್ಟೆ."

"ಎಷ್ಟು ಸಮಯದಿಂದ?"

"ಹದಿನಾರು ವರ್ಷ."

ತೂತುಬಿದ್ದ ಚೀಲದ ಕಡಲೆಯಂತೆ ಒಂದು ಮನೆಯ ಜನ ಎರಡು ಊರಿಗೆ ಉದುರಿಹೋದರು. ಅಳಿಯಸಂತಾನದ ಪದ್ಧತಿಯಲ್ಲಿ ತಾಯಿ ಮನೆಯೇ ಮನೆ, ಯಜಮಾನಿಕೆ ಮಾವನಿಂದ ಅಕ್ಕನ ಮಕ್ಕಳಿಗೆ. ಅಷ್ಟರಲ್ಲಿ ಮೀನಿನ ವಾರಿಜಾಕ್ಷಿ ಜಗಲಿಯಲ್ಲಿ ಬುಟ್ಟಿ ಇಳಿಸಿದಳು.

"ಯಾರೂ ಇಲ್ಲವಾ? ಹಾಗಾದರೆ ದಿನಾ ಇಪ್ಪತ್ತು ಬಂಗುಡೆ ತಿನ್ನುವುದು ಬೆಕ್ಕಾ?"

"ನೆಂಟರು ತಿನ್ನುವುದು ಹೆಚ್ಚೇ ಮಾರಾಯ್ತಿ," ಎಂದರು ಮೋಹನದಾಸನ ಅಮ್ಮ, ತಟ್ಟೆ ಮುಂದೆ ಚಾಚುತ್ತಾ.

"ತಾಯಿ ಮನೆಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ," ಮಾಷ್ಟ್ರು ಕೈಮುಗಿದರು. "ಎಲ್ಲಿ ವಾಸವೋ ಅಲ್ಲಿ ಬರೆಯಬೇಕು."

"ನಿಮಗೆಂತ ಗೊತ್ತು?" ಮೋಹನದಾಸ ಸಿಡುಕಿದ. "ಹೆಂಡತಿಯ ಜೊತೆ ನನ್ನ ಹೆಸರು ಬಿದ್ದರೆ ಅಕ್ಕನ ಮಕ್ಕಳು ನಾಳೆಯೇ ಹೇಳ್ತಾರೆ, ಮಾವ ಮನೆ ಬಿಟ್ಟರು, ಯಜಮಾನಿಕೆಯನ್ನೂ ಬಿಡಲಿ ಅಂತ."

ವಾದ ಮಧ್ಯಾಹ್ನದವರೆಗೆ ಎಳೆಯಿತು. ಮಾಷ್ಟ್ರು ಬೇಡಬೇಡವೆನ್ನುತ್ತಲೇ ಹನ್ನೊಂದು ದೋಸೆ ತಿಂದರು. ಈ ಹಾಳೆ ಮೂಡುಬಿದಿರೆಗೆ ಹೋಗುವುದಿಲ್ಲ, ದಿಲ್ಲಿಗೆ ಹೋಗುತ್ತದೆ, ದಿಲ್ಲಿಯಲ್ಲಿ ಅಕ್ಕನ ಮಕ್ಕಳು ಯಾರೂ ಇಲ್ಲ ಎಂದು ಆಣೆ ಹಾಕಿದ ಮೇಲೆ ಮೋಹನದಾಸ ಒಪ್ಪಿದ. ನಾಲ್ಕು ಹೆಸರು ಬಿದ್ದವು. ಮಾಷ್ಟ್ರು ಕೊನೆಯ ಮೊತ್ತ ಬರೆದು, ಸಹಿ ಹಾಕಿ, ಯುದ್ಧ ಗೆದ್ದವರಂತೆ ಪೆನ್ನಿಗೆ ಮುಚ್ಚಳ ಹಾಕಿದರು.

"ನೀವೂ ಹೆಂಡತಿಯ ಮನೆಯಲ್ಲೇ ಅಲ್ವಾ ಇರುವುದು, ಮೂರು ಮನೆ ಆಚೆ?" ಮೋಹನದಾಸ ಕೇಳಿದ. "ನಿಮ್ಮನ್ನು ಎಲ್ಲಿ ಬರೆದದ್ದು?"

ಆ ಮನೆಯ ಗಣತಿಯನ್ನೂ ಮಾಷ್ಟ್ರೇ ಮಾಡಿದ್ದರು. ಹೆಂಡತಿ, ಇಬ್ಬರು ಮಕ್ಕಳು, ಒಟ್ಟು ಮೂರು.

"ನನ್ನದು ಹೆಜಮಾಡಿ," ಎಂದರು ಸಣ್ಣ ಸ್ವರದಲ್ಲಿ. "ಅಕ್ಕ ಬರೆಸಿರ್ತಾಳೆ."

ಬಂಗುಡೆ ಎಣಿಸುತ್ತಿದ್ದ ವಾರಿಜಾಕ್ಷಿ ತಲೆಯೆತ್ತಿದಳು. "ಇಲ್ಲ ಮಾಷ್ಟ್ರೆ. ನನ್ನ ತಾಯಿ ಮನೆಯೂ ಅಲ್ಲಿಯೇ ಅಲ್ವಾ. ಗಣತಿಯವರು ಬಂದ ದಿನ ನಾನು ನಿಮ್ಮ ಅಕ್ಕನ ಜಗಲಿಯಲ್ಲೇ ಇದ್ದೆ. 'ತಮ್ಮ ಹೆಂಡತಿಯ ಮನೆ ಸೇರಿದ್ದಾನೆ, ಇಲ್ಲಿಗೆ ಬೇಡ' ಅಂತ ಅವರೇ ಹೆಸರು ಬಿಡಿಸಿದ್ರು."

ಮಾಷ್ಟ್ರು ಸಹಿ ಮಾಡಿದ ಕಟ್ಟನ್ನೊಮ್ಮೆ, ಎರಡು ಹೊಡೆಯುತ್ತಿದ್ದ ಗಡಿಯಾರವನ್ನೊಮ್ಮೆ ನೋಡಿದರು. ನೂರಿಪ್ಪತ್ತು ಮನೆ.

ಬೆಳಗಿನಿಂದ ಕಂಬಕ್ಕೆ ಒರಗಿ ಎಲ್ಲರ ಬಾಯಿಯನ್ನೇ ನೋಡುತ್ತಿದ್ದ ಐದು ವರ್ಷದ ಆಶಾಲತಾ ಅಮ್ಮನ ಸೆರಗು ಜಗ್ಗಿದಳು.

"ಅಮ್ಮಾ, ಹಾಗಾದರೆ ಮಾಷ್ಟ್ರು ಇದ್ದಾರಾ, ಇಲ್ವಾ?"