ಕೊಬ್ಬು ಕರಗಿಸೋ ಡಬ್ಬಿ

ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ನಾಚಿಕೆಪಡುವ ಸಂದರ್ಭಗಳು ಬೇರೆಯವರಿಗಿಂತ ಸ್ವಲ್ಪ ಜಾಸ್ತಿಯೇ ಒದಗಿಬರುತ್ತವೆ. ಹೊಸದುರ್ಗದಲ್ಲಿ ಇಪ್ಪತ್ತು ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. ಒಬ್ಬರ ಚೀಟಿಯ ಔಷಧಿ ಇನ್ನೊಬ್ಬರಿಗೆ ಕಟ್ಟಲು ಹೋಗಿ ಬೈಸಿಕೊಂಡಿದ್ದೇನೆ. ಕಿವಿ ಮಂದವಿದ್ದ ಒಬ್ಬ ಹಿರಿಯರಿಗೆ ಮೂಲವ್ಯಾಧಿಯ ಮುಲಾಮನ್ನು ಎಲ್ಲಿ ಹಚ್ಚಬೇಕೆಂದು ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದ್ದೇನೆ. ಅವೆಲ್ಲ ವಾರದೊಳಗೆ ಮರೆತುಹೋದವು. ಕೊಬ್ಬು ಕರಗಿಸೋ ಮಾತ್ರೆಯದು ಮಾತ್ರ ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ.

೧. ಮೊದಲ ಗಿರಾಕಿ

ಒಂದು ಕಂಪನಿಯ ರೆಪ್ ಬಂದು, "ಸಾರ್, ಕೂತಲ್ಲೇ ಕೊಬ್ಬು ಕರಗುತ್ತೆ, ಜನ ಮುಗಿಬೀಳ್ತಾರೆ" ಅಂತ ಹೇಳಿ ಹತ್ತು ಡಬ್ಬಿ ಇಳಿಸಿ ಹೋದ. ಹಸಿರು ಡಬ್ಬಿ, ಮೇಲೆ ಬೆಂಕಿಯ ಚಿತ್ರ, ಬೆಂಕಿಯ ಪಕ್ಕ ಸೊಂಟವೇ ಇಲ್ಲದ ಒಬ್ಬ ಹೆಣ್ಣುಮಗಳು. ಎಲ್ಲರ ಕಣ್ಣಿಗೆ ಬೀಳಲೆಂದು ಕೌಂಟರಿನ ಗಾಜಿನ ಮೇಲೆಯೇ ಜೋಡಿಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಕೌಂಟರಿನ ಡ್ರಾ ಎಳೆಯಬೇಕಾದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಇಲ್ಲದಿದ್ದರೆ ಅದು ಹೊಟ್ಟೆಗೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ.

ತಾಲ್ಲೂಕು ಆಫೀಸಿನ ಒಬ್ಬರು ಮೇಡಂ ತಲೆನೋವಿನ ಮಾತ್ರೆಗೆ ಬಂದವರು ಡಬ್ಬಿ ಎತ್ತಿ ನೋಡಿದರು.

"ಇದು ಕೆಲಸ ಮಾಡ್ತೈತೇನ್ರಿ?"

"ಗ್ಯಾರಂಟಿ ಮೇಡಂ. ಒಂದೇ ತಿಂಗಳು ಸಾಕು."

ಅವರು ಡಬ್ಬಿ ನೋಡಿದರು, ನನ್ನ ಹೊಟ್ಟೆ ನೋಡಿದರು. ಮತ್ತೆ ಡಬ್ಬಿ ನೋಡಿದರು. ಆಮೇಲೆ ರೋಗಿಯನ್ನು ವಿಚಾರಿಸುವಷ್ಟು ಮೆಲ್ಲಗೆ ಕೇಳಿದರು: "ನಿಮಗೆ ಆಗಿಬರಲ್ವಾ?"

"ಇಲ್ಲ... ಇನ್ನೂ ಶುರು ಮಾಡಿಲ್ಲ."

"ಹಂಗಾದ್ರೆ ನೀವು ಶುರು ಮಾಡ್ರಿ. ತಿಂಗಳು ಬಿಟ್ಟು ಬಂದು ನಿಮ್ಮನ್ನ ನೋಡ್ಕೊಂಡು ತಗೊಂಡೋಗ್ತೀನಿ."

ಆವತ್ತಿನಿಂದ ಡಬ್ಬಿಗಳನ್ನು ಇನ್ನೂ ಎತ್ತರಕ್ಕೆ, ನನ್ನ ಹೊಟ್ಟೆ ಮರೆಯಾಗುವ ಹಾಗೆ ಪೇರಿಸತೊಡಗಿದೆ.

೨. ಬಾಗೂರಿನ ಕುರಿಯಜ್ಜ

ಬಾಗೂರು ಕಡೆಯ ಒಬ್ಬ ಅಜ್ಜ ಕೆಮ್ಮಿನ ಔಷಧಿಗೆ ಬರುತ್ತಿದ್ದ. ಕುರಿ ಕಾಯೋನು. ಹೆಗಲ ಮೇಲೆ ಕಂಬಳಿ, ಮೈಯಲ್ಲಿ ಹಿಡಿ ಮಾಂಸ ಇಲ್ಲ.

"ಇದೇನಪ್ಪ ಬೆಂಕಿ ಹತ್ತಿರೋ ಡಬ್ಬಿ?"

"ಕೊಬ್ಬು ಕರಗಿಸೋ ಮಾತ್ರೆ ಅಜ್ಜ."

"ಯಾರ ಕೊಬ್ಬು?"

"ಮನುಷ್ಯರದ್ದು. ದಪ್ಪ ಇರೋರು ತಗೊಂತಾರೆ."

ಅಜ್ಜ ಒಂದು ಡಬ್ಬಿ ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟ. "ನಾವು ಕುರಿಗೆ ಚೂರು ಕೊಬ್ಬು ಹತ್ಲಿ ಅಂತ ವರ್ಷಗಟ್ಲೆ ಮೇಯಿಸ್ತೀವಿ. ನೀವು ಹತ್ತಿರೋದನ್ನ ಕರಗಿಸಾಕೆ ದುಡ್ಡು ಕೊಡ್ತೀರಾ?"

ನಾನು ನಕ್ಕೆ. ಅಜ್ಜ ನಗಲಿಲ್ಲ. ಡಬ್ಬಿಗಳ ಸಂದಿನಿಂದ ನನ್ನನ್ನು ಸಂತೆಯಲ್ಲಿ ಟಗರು ನೋಡುವಂತೆ ಒಂದು ಸುತ್ತು ನೋಡಿದ.

"ಒಂದು ಕೆಲಸ ಮಾಡು. ಹದಿನೈದು ದಿನ ನನ್ ಕುರಿ ಹಿಂದೆ ಬಾ, ಮಾತ್ರೆಗೀತ್ರೆ ಬ್ಯಾಡ. ಆದ್ರೆ ನಿನ್ನನ್ನ ಹಿಂಗೇ ಮಾರಿದ್ರೇ ಒಳ್ಳೆ ರೇಟು ಸಿಗ್ತೈತೆ, ಕರಗಿಸಿ ಹಾಳ್ ಮಾಡ್ಕೊಬ್ಯಾಡ."

೩. ನಡುಗುವ ಕೈ

ಎರಡು ತಿಂಗಳಾದರೂ ಮೇಡಂ ಮಾತು ಮನಸ್ಸಿನಿಂದ ಹೋಗಿರಲಿಲ್ಲ. ಮನೆಯವಳಿಗೆ ಹೇಳದೆ ನಾನೂ ಒಂದು ಡಬ್ಬಿ ಒಡೆದೆ. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಮೂರನೇ ದಿನಕ್ಕೆ ಎದೆ ಡವಡವ, ಮೈಯೆಲ್ಲ ಬೆವರು. ಕೊಬ್ಬೇ ಕರಗಿ ಇಳಿಯುತ್ತಿದೆ ಎಂದು ಖುಷಿಪಟ್ಟೆ. ಮಾತ್ರೆ ಒಳಗಿದೆಯಲ್ಲ, ಅದು ನೋಡಿಕೊಳ್ಳುತ್ತದೆ ಎಂಬ ಧೈರ್ಯದಲ್ಲಿ ಸಂಜೆಯ ಮಂಡಕ್ಕಿ ಮೆಣಸಿನಕಾಯಿಯನ್ನು ಒಂದು ಪ್ಲೇಟಿನಿಂದ ಎರಡಕ್ಕೆ ಏರಿಸಿದೆ. ಅಂಗಡಿ ಮುಂದಿನ ತೂಕದ ಮಷಿನ್ ಮೇಲೆ ದಿನಾ ಹತ್ತಿ ಇಳಿದೆ. ಮುಳ್ಳು ಇದ್ದಲ್ಲೇ ಇತ್ತು. ಮಷಿನ್ ಕೆಟ್ಟಿದೆ ಅಂದುಕೊಂಡೆ.

ಕೈ ಮಾತ್ರ ನಡುಗಲು ಶುರುವಾಯಿತು. ಒಂದು ದಿನ ಬಿಲ್ ಬರೆಯುವಾಗ ಅಂಕಿಗಳೆಲ್ಲ ಸೊಟ್ಟಗಾದವು. ಹಳೆಯ ಗಿರಾಕಿಯೊಬ್ಬರು ಅದನ್ನು ಗಮನಿಸಿ, ಯಾರೂ ಇಲ್ಲದ್ದು ನೋಡಿ ನನ್ನ ಕಡೆ ಬಾಗಿದರು.

"ಯಾವಾಗಿಂದ ಶುರು ಮಾಡ್ದೆ? ಬೆಳಿಗ್ಗೆನೇ ಬೇಕಾ? ಬಿಟ್ಬಿಡಪ್ಪ, ಮಕ್ಕಳು ಬೆಳೆದವೆ."

ಕುಡಿತವಲ್ಲ, ಸಣ್ಣಗಾಗುವ ಮಾತ್ರೆ ಎಂದು ಹೇಳಲು ಬಾಯಿ ತೆರೆದೆ. ಎರಡರಲ್ಲಿ ಕುಡಿತವೇ ಸ್ವಲ್ಪ ಮರ್ಯಾದೆಯದು ಅನ್ನಿಸಿತು. "ಬಿಡ್ತೀನಿ ಅಣ್ಣ" ಅಂದೆ.

೪. ಚಿತ್ರದುರ್ಗದ ಡಾಕ್ಟರು

ಹತ್ತನೇ ದಿನ ಎದೆಯ ಡವಡವ ನಿಲ್ಲಲೇ ಇಲ್ಲ. ಹೆಂಡತಿ ಹೆದರಿ ಚಿತ್ರದುರ್ಗಕ್ಕೆ ಎಳೆದುಕೊಂಡು ಹೋದಳು. ಹೃದಯದ ಡಾಕ್ಟರು ಎದೆಗೆಲ್ಲ ವೈರು ಅಂಟಿಸಿ ಇ.ಸಿ.ಜಿ. ತೆಗೆದರು.

"ಏನಾದ್ರೂ ಮಾತ್ರೆ ತಗೋತಿದೀರಾ?"

"ಇಲ್ಲ ಸಾರ್."

"ನೆನಪು ಮಾಡ್ಕೊಳ್ಳಿ."

"ಏನೂ ಇಲ್ಲ ಸಾರ್."

ಹೆಂಡತಿ ತನ್ನ ಬ್ಯಾಗಿನಿಂದ ಹಸಿರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಗೆಯಲು ಹಾಕಿದ ಪ್ಯಾಂಟಿನ ಜೇಬಲ್ಲಿ ಸಿಕ್ಕಿತ್ತಂತೆ.

ಡಾಕ್ಟರು ಓದಿದರು. "ಇದರಲ್ಲಿ ಇರೋದು ಬಹುಪಾಲು ಕಾಫಿಯ ಸತ್ವ ಕಣ್ರಿ. ಇಲ್ಲಿ ಬರ್ದಿರೋ ಹಂಗೆ ದಿನಕ್ಕೆ ನಾಲ್ಕು ಮಾತ್ರೆ ನುಂಗಿದ್ರೆ ಎದೆ ಹೊಡ್ಕೊಳ್ಳದೆ ಇನ್ನೇನಾಗುತ್ತೆ? ಬೆವರು ಹೋಗುತ್ತೆ, ನಿದ್ದೆ ಹೋಗುತ್ತೆ, ಹೊಟ್ಟೆ ಮಾತ್ರ ಎಲ್ಲೂ ಹೋಗಲ್ಲ." ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. "ತಿಳುವಳಿಕೆ ಇಲ್ದಿರೋ ಜನಕ್ಕೆ ಇದನ್ನೆಲ್ಲ ಮಾರ್ತಾರಲ್ಲ, ಯಾವನ್ರಿ ಆ ಮೆಡಿಕಲ್ ಶಾಪಿನೋನು?"

ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರ ನೋಡತೊಡಗಿದೆ. ಹೆಂಡತಿ ನನ್ನ ಕಡೆ ಬೆರಳು ತೋರಿಸಿದಳು.

"ಇವ್ರೇ ಸಾರ್."

೫. ಟೀಚರಮ್ಮ

ವಾಪಸ್ ಬರುವಾಗ ಬಸ್ಸಿನಲ್ಲಿ ಇನ್ನೊಂದು ಭಯ ಹಿಡಿಯಿತು. ಮಾಡದಕೆರೆ ಕಡೆಯ ಒಂದು ಹಳ್ಳಿಗೆ ಹೊಸದಾಗಿ ವರ್ಗವಾಗಿದ್ದ ಪ್ರೈಮರಿ ಶಾಲೆಯ ಟೀಚರಮ್ಮನಿಗೆ ನಾನೇ ಒತ್ತಾಯ ಮಾಡಿ ಒಂದು ಡಬ್ಬಿ ಕೊಟ್ಟಿದ್ದೆ. ಆಮೇಲೆ ಅವರು ನೋಡನೋಡುತ್ತಲೇ ಸಣ್ಣಗಾಗಿದ್ದರು. ಬಜಾರಿನಲ್ಲಿ ಅವರು ಹೋಗುವಾಗಲೆಲ್ಲ, "ನೋಡ್ರಿ, ನಮ್ಮ ಡಬ್ಬಿ" ಎಂದು ಗಿರಾಕಿಗಳಿಗೆ ತೋರಿಸಿದ್ದೆ. ಆ ಮಾತು ಕೇಳಿ ಹೊಳಲ್ಕೆರೆಯಿಂದಲೂ ಒಬ್ಬಿಬ್ಬರು ಬಂದು ಡಬ್ಬಿ ಕೊಂಡಿದ್ದರು. ಈಗ ಆಯಮ್ಮನ ಎದೆ ಏನಾಗಿದೆಯೋ ಎಂದು ಊಟ ಸೇರಲಿಲ್ಲ.

ಮರುದಿನ ಅಂಗಡಿ ಮುಚ್ಚಿ ಹೊರಟೆ. ಬಸ್ಸು ರಸ್ತೆಯಲ್ಲೇ ಇಳಿಸಿತು. ಅಲ್ಲಿಂದ ಶಾಲೆಗೆ ಎರಡು ಕಿಲೋಮೀಟರ್ ಏರುದಾರಿ. ತಲುಪಿದಾಗ ಏದುಸಿರು ಬಿಡುತ್ತಿದ್ದೆ.

"ಬರ್ರಿ ಸಾರ್, ಕುಂತ್ಕಳ್ರಿ" ಎಂದು ಟೀಚರಮ್ಮ ಬೋರ್ಡಿನ ಪಕ್ಕ ಕುರ್ಚಿ ಹಾಕಿದರು. ಎದುರಿಗೆ ಚಾಪೆಯ ಮೇಲೆ ಒಂದು, ಎರಡನೇ ಕ್ಲಾಸಿನ ಮಕ್ಕಳು.

"ಮೇಡಂ, ಆ ಮಾತ್ರೆ ಇವತ್ತೇ ನಿಲ್ಲಿಸ್ಬಿಡ್ರಿ. ಒಳ್ಳೇದಲ್ಲ. ನಾನು ತಿಳೀದೆ ಕೊಟ್ಟೆ, ತಪ್ಪಾಯ್ತು."

ಅವರು ಬೀರು ತೆಗೆದು ಡಬ್ಬಿ ತಂದು ನನ್ನ ಕೈಗಿಟ್ಟರು. ಸೀಲು ಕೂಡ ಒಡೆದಿರಲಿಲ್ಲ.

"ನುಂಗೇ ಇಲ್ವಾ? ಮತ್ತೆ ಹೆಂಗೆ ಸಣ್ಣಗಾದ್ರಿ?"

"ಡಬ್ಬಿ ಮೇಲೆ ಬರ್ದಿದ್ದಂಗೆ ಮಾಡ್ದೆ ಸಾರ್. ನೀವು ಓದಿಲ್ವಾ? ಕೆಳಗೆ ಸಣ್ಣಕ್ಷರದಲ್ಲಿ ಐತೆ ನೋಡ್ರಿ."

ಇಪ್ಪತ್ತು ವರ್ಷ ಔಷಧಿ ಮಾರಿದವನು ಆ ಸಾಲನ್ನು ಓದಿರಲಿಲ್ಲ. ಕನ್ನಡಕ ಹಾಕಿಕೊಂಡು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡುತ್ತಾ ಸ್ವಲ್ಪ ಗಟ್ಟಿಯಾಗಿ ಓದಿದೆ.

"ದಿನಾ ನಡೀಬೇಕು."

"ದಿನಾ ನಡೀಬೇಕು" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದವು. ಬೋರ್ಡಿನ ಪಕ್ಕ ಇದ್ದವರು ಏನು ಓದಿದರೂ ತಿರುಗಿ ಹೇಳುವುದು ಅವಕ್ಕೆ ಅಭ್ಯಾಸ.

"ಎಣ್ಣೆ, ಸಿಹಿ ಕಮ್ಮಿ ಮಾಡ್ಬೇಕು."

"ಎಣ್ಣೆ, ಸಿಹಿ ಕಮ್ಮಿ ಮಾಡ್ಬೇಕು."

"ಹಿಂಗೆ ಮಾಡಿದ್ರೆ ಮಾತ್ರ ಮಾತ್ರೆ ಕೆಲಸ ಮಾಡ್ತೈತೆ."

ಅದನ್ನೂ ಕೂಗಿದವು.

"ಮೊದ್ಲು ಅಷ್ಟು ಮಾಡಾಣ, ಆಮೇಲೆ ಮಾತ್ರೆ ನುಂಗಾಣ ಅಂದ್ಕೊಂಡೆ ಸಾರ್" ಅಂದರು ಟೀಚರಮ್ಮ. "ನೀವು ಈಗ ಬಂದ್ರಲ್ಲ, ಆ ದಾರೀಲೇ ದಿನಾ ಹೋಗಿ ಬಂದೆ. ಮಾತ್ರೆ ಬೇಕಾಗ್ಲೇ ಇಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ಡಬ್ಬಿಯನ್ನೇ ನೋಡುತ್ತಾ, ಯಾರಿಗೂ ಕೇಳಿಸದು ಎಂದುಕೊಂಡು ಗೊಣಗಿದೆ: "ಅಯ್ಯೋ ಶಿವನೆ, ನನ್ ಮರ್ಯಾದೆ ಹೋಯ್ತು."

ಮೂವತ್ತು ಮಕ್ಕಳು ಕೈಕಟ್ಟಿಕೊಂಡು, ಛಾವಣಿ ಹಾರುವಂತೆ, ಸ್ಪಷ್ಟವಾಗಿ ಹೇಳಿದವು:

"ಅಯ್ಯೋ ಶಿವನೆ, ನನ್ ಮರ್ಯಾದೆ ಹೋಯ್ತು."